ಹೊಸ ಮನೆಗೆ ಸೌದೆ ಬಾಯ್ಲರ್: ಪ್ಲ್ಯಾನ್‌ನಲ್ಲೇ ಜಾಗ ಗುರುತಿಸಿ

ಮಲೆನಾಡಿನಲ್ಲಿ ಮನೆ ಕಟ್ಟುವವರು ಅಡುಗೆಮನೆ, ದೇವರಮನೆ ಎಲ್ಲಿ ಬರಬೇಕು ಎಂದು ತಿಂಗಳುಗಟ್ಟಲೆ ಚರ್ಚೆ ಮಾಡುತ್ತಾರೆ. ಸ್ನಾನದ ನೀರು ಕಾಯಿಸುವ ಬಾಯ್ಲರ್ ನೆನಪಾಗುವುದು ಮಾತ್ರ ಟೈಲ್ಸ್ ಕೂರಿಸಿದ ಮೇಲೆ. ಆಗ ಗೋಡೆ ಕೊರೆದು ಪೈಪ್ ಎಳೆಯಬೇಕು, ಹೊಗೆಗೆ ದಾರಿ ಹುಡುಕಬೇಕು. ತೀರ್ಥಹಳ್ಳಿ, ಶೃಂಗೇರಿ, ಸಿದ್ದಾಪುರದ ಕಡೆ ಮಳೆಗಾಲ ಹಿಡಿದರೆ ಬಿಸಿಲು ಕಾಣುವುದೇ ಅಪರೂಪ. ಸೋಲಾರ್ ಇದ್ದರೂ ಸುಮ್ನೆ ಕೂತಿರುತ್ತದೆ. ತೋಟ ಇದ್ದವರಿಗೆ ಸೌದೆಗೇನೂ ಬರವಿಲ್ಲ. ಹಾಗಾಗಿ ಬಾಯ್ಲರ್ ಬೇಕು ಅಂತಿದ್ದರೆ ಪಾಯ ತೆಗೆಯುವ ಮೊದಲೇ ನಕ್ಷೆಯಲ್ಲಿ ಅದಕ್ಕೊಂದು ಜಾಗ ಬರೆಸಿ.

ಮೊದಲು ಅಳತೆ. 60 ಡಿಗ್ರಿಯ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಸ್ನಾನಕ್ಕೆ ಹದವಾದ ನೀರಾಗುತ್ತದೆ. ಒಬ್ಬರಿಗೆ ಎರಡು ಬಕೆಟ್, ಅಂದರೆ 40 ಲೀಟರ್ ಎಂದಿಟ್ಟುಕೊಂಡರೆ ಬಾಯ್ಲರ್‌ನಿಂದ ಬರಬೇಕಾದ್ದು 20 ಲೀಟರ್. ಐದು ಜನರ ಮನೆಗೆ 100 ಲೀಟರಿನದು ಸಾಕು. ನೆಂಟರು ಬಂದರೆ ಇನ್ನೆರಡು ಕೊಳ್ಳಿ ಹಾಕಿದರಾಯಿತು. ಯಾವಾಗಲೋ ಬರುವ ನೆಂಟರಿಗಾಗಿ ದೊಡ್ಡದನ್ನು ತಂದರೆ ವರ್ಷವಿಡೀ ಬೇಡದ ನೀರು ಕಾಯಿಸಬೇಕು.

ಸೌದೆ ಲೆಕ್ಕವೂ ಇಲ್ಲೇ ಆಗಲಿ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 17 ಮೆಗಾಜೂಲ್ ಶಾಖ ಬೇಕು. ಒಣಗಿದ ಸೌದೆ ಕಿಲೋಗೆ ಸುಮಾರು 15 ಮೆಗಾಜೂಲ್ ಕೊಡುತ್ತದೆ. ಅರ್ಧಕ್ಕಿಂತ ಜಾಸ್ತಿ ಶಾಖ ಹೊಗೆಯ ಜೊತೆ ಹೋದರೂ ದಿನಕ್ಕೆ ಮೂರು ಕಿಲೋ ಸಾಕು. ತೆರೆದ ಒಲೆಯ ಮೇಲಿನ ಹಂಡೆಗೆ ಇದರ ಎರಡು ಮೂರು ಪಟ್ಟು ಸುಡಬೇಕಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ರೂಪಿಸಲು 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ತನ್ನ ಅಸ್ತ್ರ ಒಲೆಯಲ್ಲಿ ಮಾಡಿದ್ದೂ ಸೌದೆ ಉಳಿಸುವ ಈ ಕೆಲಸವನ್ನೇ: ಜಾಲರಿ ಕೆಳಗಿನಿಂದ ಗಾಳಿ, ಸುತ್ತ ಮುಚ್ಚಿದ ಉರಿಗೂಡು, ಮೇಲೆ ಹೊಗೆಕೊಳವೆ. ಬಾಯ್ಲರ್ ಕೊಳ್ಳುವಾಗ ಉರಿಗೂಡಿನೊಳಗೆ ಕೈ ಹಾಕಿ ಜಾಲರಿ ಇದೆಯಾ ನೋಡಿ. ಅದನ್ನು ಹೊರಗೆಳೆದು ಬೂದಿ ಕೊಡವಲು ಬರುತ್ತದೆಯೇ ಎಂದೂ ನೋಡಿ.

ಜಾಗದ ವಿಷಯದಲ್ಲಿ ರಾಜಿ ಬೇಡ. ಬಾಯ್ಲರ್ ಬಚ್ಚಲ ಗೋಡೆಯ ಆಚೆ ಬದಿ, ಮಾಡಿನ ಕೆಳಗೆ, ಗಾಳಿ ಆಡುವಲ್ಲಿ ಇರಲಿ. ಕಿಟಕಿ ಮುಚ್ಚಿದ ಬಾತ್‌ರೂಮಿನೊಳಗೆ ಕೆಂಡ ಇದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವಕ್ಕೇ ಅಪಾಯ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಮ್ಮ ಕಡೆ ಮಳೆ ನೈಋತ್ಯದಿಂದ ಹೊಡೆಯುವುದರಿಂದ ಉರಿ ಹಾಕುವ ಬಾಯಿ ಆ ದಿಕ್ಕಿಗೆ ಬೇಡ. ಬಾತ್‌ರೂಮುಗಳು ಹತ್ತಿರ ಹತ್ತಿರ ಇದ್ದಷ್ಟೂ ಒಳ್ಳೆಯದು. ಮುಕ್ಕಾಲು ಇಂಚಿನ ಪೈಪ್ ಹತ್ತು ಮೀಟರ್ ಓಡಿದರೆ ಅದರೊಳಗೇ ಸುಮಾರು ಮೂರು ಲೀಟರ್ ನೀರು ನಿಂತಿರುತ್ತದೆ. ಪ್ರತಿ ಸಲ ಅಷ್ಟು ತಣ್ಣೀರು ಹೋದ ಮೇಲೇ ಬಿಸಿನೀರು ಬರುವುದು.

ಈಗ ನೀರಿನ ದಾರಿ. ಇದನ್ನು ಪ್ಲಂಬರಿಗೆ ಬಿಟ್ಟು ಸುಮ್ಮನಿರಬೇಡಿ, ಎದುರಿಗೆ ನಿಂತು ಮಾಡಿಸಿ. ತಣ್ಣೀರು ಬಾಯ್ಲರ್‌ನ ತಳಕ್ಕೆ ಬರಬೇಕು, ಬಿಸಿನೀರು ತಲೆಯಿಂದ ಹೊರಡಬೇಕು. ತಲೆಯಿಂದಲೇ ಇನ್ನೊಂದು ಪೈಪ್ ನೆಟ್ಟಗೆ ಮೇಲೆದ್ದು, ತಾರಸಿ ಟ್ಯಾಂಕಿನ ನೀರಿನ ಮಟ್ಟವನ್ನೂ ದಾಟಿ, ತುದಿ ಬಾಗಿ ತೆರೆದುಕೊಂಡಿರಬೇಕು. ಇದೇ ವೆಂಟ್ ಪೈಪ್. ಇದಕ್ಕೆ ವಾಲ್ವ್ ಹಾಕಬಾರದು, ಮುಚ್ಚಳ ಹಾಕಬಾರದು, ನೀರು ತೊಟ್ಟಿಕ್ಕುತ್ತದೆ ಎಂದು ಬಟ್ಟೆಯನ್ನೂ ತುರುಕಬಾರದು. ಒಂದು ಲೀಟರ್ ನೀರು ಆವಿಯಾದರೆ 1,600 ಲೀಟರಿಗೂ ಮೀರಿ ಹಿಗ್ಗುತ್ತದೆ. ಹೋಗಲು ದಾರಿ ಇಲ್ಲದಿದ್ದರೆ ಬಾಯ್ಲರ್ ಸಿಡಿಯುತ್ತದೆ. ಶವರ್ ಜೋರಾಗಿ ಬರಲಿ ಎಂದು ಪ್ರೆಶರ್ ಪಂಪ್ ಹಾಕುವವರು ಆ ಲೈನನ್ನು ಬಾಯ್ಲರ್‌ಗೆ ಕೊಡಬೇಡಿ. ನೀರೆಲ್ಲ ವೆಂಟ್‌ನಿಂದ ಚಿಮ್ಮುತ್ತದೆ.

ಬಾಯ್ಲರ್‌ನಿಂದ ಹೊರಟ ಬಿಸಿನೀರಿನ ಪೈಪ್ ಮೊದಲ ಒಂದೂವರೆ ಮೀಟರ್ ಲೋಹದ್ದೇ ಇರಲಿ, ವೆಂಟ್ ಪೈಪ್ ಪೂರ್ತಿ ಲೋಹದ್ದಾಗಲಿ. ಬಿಸಿನೀರಿಗೆ ಹಾಕುವ ಪ್ಲಾಸ್ಟಿಕ್ ಪೈಪ್ ಸಿಪಿವಿಸಿ ತಾಳುವುದು ಸುಮಾರು 93 ಡಿಗ್ರಿವರೆಗೆ, ಆದರೆ ಉರಿ ಜೋರಾದರೆ ನೀರು ಕುದಿದೇಬಿಡುತ್ತದೆ. ಮಾಮೂಲಿ ಪಿವಿಸಿಯಂತೂ ಬೇಡವೇ ಬೇಡ. ತಾಮ್ರದ ಬಾಯ್ಲರ್‌ಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ನೇರ ಜೋಡಿಸಿದರೆ ಜಿಐ ಬೇಗ ತುಕ್ಕು ಹಿಡಿಯುತ್ತದೆ, ನಡುವೆ ಹಿತ್ತಾಳೆ ಫಿಟ್ಟಿಂಗ್ ಇರಲಿ. ತಳದಲ್ಲಿ ಕೆಸರು ಬಿಡಲು ಒಂದು ನಲ್ಲಿಯೂ ಬೇಕು.

ಹೊಗೆಕೊಳವೆ ಆದಷ್ಟು ನೆಟ್ಟಗೆ ಹೋಗಲಿ, ಮಾಡಿಗಿಂತ ಎರಡು ಮೂರು ಅಡಿ ಮೇಲೇಳಲಿ. ಹಂಚಿನ ಮನೆಯಾದರೆ ಪಕಾಸು, ರೀಪುಗಳಿಂದ ಕನಿಷ್ಠ ಒಂದೂವರೆ ಅಡಿ ದೂರ ಬೇಕು. ಕಾದ ತಗಡಿನ ಪಕ್ಕ ವರ್ಷಗಟ್ಟಲೆ ಒಣಗಿದ ಮರ ಬೇಗ ಹೊತ್ತಿಕೊಳ್ಳುತ್ತದೆ.

ಸೌದೆ ಕೊಟ್ಟಿಗೆ ಬಾಯ್ಲರ್‌ನಿಂದ ನಾಲ್ಕು ಹೆಜ್ಜೆಯೊಳಗೆ ಬರಲಿ. ಮಳೆಗಾಲದ ನಾಲ್ಕು ತಿಂಗಳಿಗೆ 360 ಕಿಲೋ ಬೇಕು, 500 ಕಿಲೋ ಹಿಡಿಸುವಷ್ಟು ಜಾಗ ಬಿಡಿ. ಹಸಿ ಮರದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ನೀರೇ. ಉರಿಯ ಶಾಖದಲ್ಲಿ ಒಂದು ಪಾಲು ಆ ನೀರನ್ನು ಆವಿ ಮಾಡಲು ಹೋಗುತ್ತದೆ, ಕೊಳವೆಯೊಳಗೆ ಟಾರು ಕಟ್ಟುತ್ತದೆ. ಕಾಫಿ ಗಿಡ ಸವರಿದಾಗ ಸಿಕ್ಕ ಕೊಂಬೆ, ಸಿಲ್ವರ್ ಓಕ್ ರೆಂಬೆಗಳನ್ನು ಚಳಿಗಾಲದಲ್ಲೇ ಸೀಳಿ, ನೆಲಕ್ಕೆ ತಾಗದ ಹಾಗೆ ಅಟ್ಟಿ ಹಾಕಿಟ್ಟರೆ ಜೂನ್ ಹೊತ್ತಿಗೆ ಸಲೀಸಾಗಿ ಉರಿಯುತ್ತವೆ. ಹೊತ್ತಿಸಲು ಒಣ ಅಡಿಕೆ ಹಾಳೆ, ಗರಟೆ ಇದ್ದೇ ಇರುತ್ತವಲ್ವಾ, ಹಾಲಿನ ಕವರ್ ಯಾಕೆ ಸುಡಬೇಕು? ಆ ಹೊಗೆ ಮನೆಮಂದಿಯ ಎದೆಗೇ ಹೋಗುತ್ತದೆ.

ಕೊಳವೆಯ ಮಸಿ ತೆಗೆಯುವ ಕೆಲಸವನ್ನು ನೀರು ತುಂಬುವ ಹಬ್ಬಕ್ಕೆ ಇಟ್ಟುಕೊಳ್ಳಿ. ಹೇಗೂ ಹಂಡೆ ತಿಕ್ಕುವ ದಿನ ಅದು. ಮಳೆಗಾಲ ಹಿಡಿಯುವ ಮೊದಲು, ಮೇ ತಿಂಗಳಲ್ಲಿ ಇನ್ನೊಮ್ಮೆ ಮಾಡಿ.

ಪ್ಲಂಬರಿನ ಲೆಕ್ಕ ಚುಕ್ತಾ ಮಾಡುವ ಮೊದಲು ಅವನೆದುರೇ ಬಾಯ್ಲರ್ ತುಂಬಿಸಿ ಉರಿ ಹಾಕಿ. ನೀರು ಕುದಿ ಬಂದಾಗ ವೆಂಟ್ ತುದಿಯಲ್ಲಿ ಆವಿ ಕಾಣಬೇಕು, ಜಾಯಿಂಟ್‌ಗಳು ಒಣಗಿರಬೇಕು, ಬಚ್ಚಲಲ್ಲಿ ಹೊಗೆ ವಾಸನೆ ಬರಬಾರದು. ಮೂರೂ ಸರಿ ಇದ್ದರೆ ದುಡ್ಡು ಕೊಡಿ.