ಚೀಟಿ ಮೊದಲು, ಕೂಪನ್ ಆಮೇಲೆ: ದಿನಸಿ ಆಪ್‌ನಲ್ಲಿ ದುಡ್ಡು ಉಳಿಸೋದು ಹೇಗೆ?

ನಮ್ಮತ್ತೆ ಪ್ರತಿ ತಿಂಗಳ ಕೊನೇಲಿ ರಾತ್ರಿ ಊಟ ಆದ್ಮೇಲೆ ಹರಿದ ಕ್ಯಾಲೆಂಡರ್ ಹಾಳೆ ಹಿಂದುಗಡೆ ದಿನಸಿ ಚೀಟಿ ಬರೀತಾರೆ. ತೊಗರಿಬೇಳೆ 2 ಕೆಜಿ, ಉದ್ದಿನಬೇಳೆ 1 ಕೆಜಿ, ಬೆಲ್ಲ ಅರ್ಧ ಕೆಜಿ, ಹುಣಸೆಹಣ್ಣು ಕಾಲು ಕೆಜಿ, ಹೀಗೆ. ಬರೆಯೋಕೆ ಮುಂಚೆ ಒಂದೊಂದು ಡಬ್ಬಾನೂ ತೆಗೆದು ಅಲ್ಲಾಡಿಸಿ ನೋಡ್ತಾರೆ. ನಾನು ಆಪ್‌ನಲ್ಲಿ ದಿನಸಿ ತರಿಸೋಕೆ ಶುರು ಮಾಡಿದ ಹೊಸದರಲ್ಲಿ ಚೀಟಿ ಬಿಟ್ಟು ಬರೀ ಕೂಪನ್ ನೋಡ್ಕೊಂಡೇ ಆರ್ಡರ್ ಮಾಡ್ತಿದ್ದೆ, ಮೂರು ತಿಂಗಳ ಬಿಲ್ಲು ಒಟ್ಟಿಗೆ ಇಟ್ಟು ನೋಡಿದಾಗ ಖರ್ಚು ಜಾಸ್ತಿನೇ ಆಗಿತ್ತು, ಯಾಕಂದ್ರೆ ಕೂಪನ್ ಸಿಗ್ಲಿ ಅಂತ ಬೇಡದ್ದೆಲ್ಲ ಮನೆಗೆ ಬಂದಿತ್ತು. ಈಗ ಅತ್ತೆ ಚೀಟಿ, ನನ್ನ ಫೋನು ಎರಡೂ ಪಕ್ಕಪಕ್ಕ ಇಟ್ಕೊಂಡು ಕೂತ್ಕೋತೀವಿ. ಹೇಗೆ ಮಾಡ್ತೀವಿ ಅಂತ ಒಂದೊಂದಾಗಿ ಹೇಳ್ತೀನಿ.

ಹೆಜ್ಜೆ 1: ಚೀಟೀಲಿ ರೇಟನ್ನೂ ಬರೀರಿ

ಸಾಮಾನಿನ ಹೆಸರು, ತೂಕ, ಪಕ್ಕದಲ್ಲಿ ಹೋದ ತಿಂಗಳು ಕೆಜಿಗೆ ಎಷ್ಟು ಕೊಟ್ಟಿದ್ವಿ ಅಂತ. ಇದಿಲ್ಲ ಅಂದ್ರೆ ಆಪ್‌ನವರು ಎಂಆರ್‌ಪಿ ಮೇಲೆ ಗೆರೆ ಎಳೆದು ‘ಶೇ 30 ಆಫ್’ ಅಂತ ತೋರಿಸಿದ್ದು ನಿಜವಾಗ್ಲೂ ಅಗ್ಗವಾ ಅಲ್ವಾ ಅಂತ ತಿಳಿಯೋಕೆ ಬೇರೆ ದಾರಿನೇ ಇಲ್ಲ. ಎಂಆರ್‌ಪಿ ಅಂದ್ರೆ ಅದಕ್ಕಿಂತ ಜಾಸ್ತಿಗೆ ಮಾರೋ ಹಾಗಿಲ್ಲ ಅಂತ ಅಷ್ಟೇ, ಪಕ್ಕದ ಅಂಗಡಿಯವರೂ ಅದಕ್ಕಿಂತ ಕಮ್ಮಿಗೇ ಕೊಡ್ತಿರಬಹುದು.

ಹೆಜ್ಜೆ 2: ಕೂಪನ್ ಎಲ್ಲಿರುತ್ತೆ ನೋಡಿ

ಬಿಗ್‌ಬಾಸ್ಕೆಟ್, ಬ್ಲಿಂಕಿಟ್, ಜೆಪ್ಟೊ, ಇನ್‌ಸ್ಟಾಮಾರ್ಟ್, ಜಿಯೋಮಾರ್ಟ್, ಯಾವುದೇ ಆಗ್ಲಿ, ಸಾಮಾನು ಕಾರ್ಟ್‌ಗೆ ಹಾಕಿದ್ಮೇಲೆ ದುಡ್ಡು ಕಟ್ಟೋ ಪುಟದಲ್ಲಿ ಕೂಪನ್ ಅಥವಾ ಆಫರ್ ಅಂತ ಒಂದು ಸಾಲು ಇದೆಯಾ ನೋಡಿ, ಅದನ್ನ ಒತ್ತಿ ಪೂರ್ತಿ ಪಟ್ಟಿ ತೆಗೀರಿ, ಮೇಲೆ ಕಾಣೋದೇ ಒಳ್ಳೇದು ಅಂತೇನಿಲ್ಲ. ಎರಡನೇ ಜಾಗ ನಿಮ್ಮ ಬ್ಯಾಂಕಿನ ಆಪ್, ಅದರಲ್ಲಿ ಆಫರ್ಸ್ ಅಂತ ಇರುತ್ತೆ, ಇಂಥ ವಾರ ಇಂಥ ಕಾರ್ಡ್‌ಗೆ ಇಷ್ಟು ಅಂತ. ಮೂರನೇದು ಯುಪಿಐ ಆಪ್‌ನ ಸ್ಕ್ರ್ಯಾಚ್ ಕಾರ್ಡು, ಗೀಚಿ ಮರೆತುಬಿಡ್ತೀವಿ, ವಾಯಿದೆ ಮುಗಿದಿರುತ್ತೆ. ಗೂಗಲ್‌ನಲ್ಲಿ ಹುಡುಕಿದ್ರೆ ಸಿಗೋ ಕೋಡ್‌ಗಳ ಹಿಂದೆ ಮಾತ್ರ ಹೋಗ್ಬೇಡಿ, ಹತ್ತು ಹಾಕಿ ನೋಡಿದ್ರೆ ಒಂದೂ ಹತ್ತಲ್ಲ, ಟೈಮ್ ದಂಡ.

ಹೆಜ್ಜೆ 3: ಷರತ್ತು ಓದಿ, ಲೆಕ್ಕ ಹಾಕಿ

ಎಲ್ಲಕ್ಕಿಂತ ಮುಖ್ಯವಾದ್ದು ಇದೇ, ಸ್ವಲ್ಪ ನಿಧಾನವಾಗಿ ಓದಿ. ಕೂಪನ್ ಕೆಳಗೆ ಚಿಕ್ಕ ಅಕ್ಷರದಲ್ಲಿ ಎರಡು ಸಂಖ್ಯೆ ಇರುತ್ತೆ, ಕನಿಷ್ಠ ಎಷ್ಟು ಬಿಲ್ ಆಗ್ಬೇಕು, ಗರಿಷ್ಠ ಎಷ್ಟು ಬಿಡ್ತಾರೆ. ಉದಾಹರಣೆಗೆ ‘ಶೇ 20 ರಿಯಾಯಿತಿ, ಗರಿಷ್ಠ 100 ರೂಪಾಯಿ, ಕನಿಷ್ಠ ಬಿಲ್ 599’ ಅಂತ ಇದೆ ಅಂದ್ಕೊಳ್ಳಿ. 500 ರೂಪಾಯಿಗೇ ಶೇ 20 ಅಂದ್ರೆ 100 ಆಗೋಯ್ತು. 600 ರೂಪಾಯಿ ಬಿಲ್‌ಗೂ 100ಏ, 1500 ರೂಪಾಯಿ ಬಿಲ್‌ಗೂ 100ಏ. ಮೊದಲನೇದರಲ್ಲಿ ನೂರಕ್ಕೆ ಹೆಚ್ಚುಕಮ್ಮಿ 17 ರೂಪಾಯಿ ಉಳೀತು, ಎರಡನೇದರಲ್ಲಿ ಏಳೂ ಇಲ್ಲ. ಹಾಗಾಗಿ ಇಂಥ ಕೂಪನ್ ಇದ್ದಾಗ ಇಡೀ ತಿಂಗಳ ಚೀಟಿ ಒಂದೇ ಸಲ ಹಾಕಬಾರದು, ಕೂಪನ್ ಎರಡು ಸಲ ಬಳಸಬಹುದು ಅಂತಿದ್ರೆ ಚೀಟೀನೇ ಎರಡು ಭಾಗ ಮಾಡಿ, ಆದ್ರೆ ಎರಡು ಸಲ ಡೆಲಿವರಿ ಚಾರ್ಜ್ ಬೀಳುತ್ತಾ ಅನ್ನೋದನ್ನ ನೋಡ್ಕೊಂಡು.

ಇನ್ನೊಂದು ಲೆಕ್ಕ. ನಿಮ್ಮ ಚೀಟಿ 860 ರೂಪಾಯಿ ಆಯ್ತು, 999ಕ್ಕೆ 100 ರೂಪಾಯಿ ಬಿಡ್ತಾರೆ. ಇನ್ನೂ 139 ರೂಪಾಯಿದು ಹಾಕಿದ್ರೆ ಕಟ್ಟೋದು 899, ಅಂದ್ರೆ 39 ರೂಪಾಯಿ ಜಾಸ್ತಿ ಕೊಟ್ಟು 139 ರೂಪಾಯಿ ಸಾಮಾನು ಬಂತು. ಆ 139ಕ್ಕೆ ಪಾತ್ರೆ ಸೋಪೋ, ಟೂತ್‌ಪೇಸ್ಟೋ, ಮುಂದಿನ ತಿಂಗಳು ಹೇಗೂ ಬೇಕಾಗೋದನ್ನ ಹಾಕಿ, ಲಾಭ. ಚಿಪ್ಸು, ಕೂಲ್‌ಡ್ರಿಂಕ್ ಹಾಕಿದ್ರೆ ಆ 39 ರೂಪಾಯಿ ಖರ್ಚೇ. ಹಾಲು, ಮೊಸರು, ಸೊಪ್ಪು ಹಾಕಿ ಮೊತ್ತ ತುಂಬಿಸೋದೂ ಬೇಡ, ಕೆಟ್ಟುಹೋಗೋ ಸಾಮಾನು ಅದು.

ಎಲ್ಲಾ ಸಾಮಾನಿಗೂ ಕೂಪನ್ ನಡೆಯಲ್ಲ ಅನ್ನೋದು ನೆನಪಿರ್ಲಿ. ಎಣ್ಣೆ, ಸಕ್ಕರೆ, ತುಪ್ಪ ಇಂಥವನ್ನ ಎಷ್ಟೋ ಸಲ ಹೊರಗಿಟ್ಟಿರ್ತಾರೆ. ಪುಟ್ಟ ಮಕ್ಕಳ ಹಾಲಿನ ಪುಡಿಗೆ ಕೂಪನ್ ಹುಡುಕೋದೇ ಬೇಡ, ಜನ ಅದನ್ನ ಕೊಳ್ಳೋ ಹಾಗೆ ಆಮಿಷ ಒಡ್ಡೋದನ್ನ 1992ರ ಕಾನೂನೇ ನಿಷೇಧಿಸಿದೆ, ತಾಯಿಹಾಲು ತಪ್ಪಬಾರದು ಅಂತ ಮಾಡಿರೋ ಕಾನೂನು ಅದು, ಸರಿಯಾಗೇ ಇದೆ.

ಹೆಜ್ಜೆ 4: ಕೆಜಿ ಲೆಕ್ಕಕ್ಕೆ ತನ್ನಿ

500 ಗ್ರಾಂ ತೊಗರಿಬೇಳೆ ಆಫರ್‌ನಲ್ಲಿ 88 ರೂಪಾಯಿ, 1 ಕೆಜಿ ಪ್ಯಾಕೆಟ್ ಆಫರ್ ಇಲ್ದೆ 160 ಅಂತ ಇದ್ರೆ ಕಣ್ಣು ಮೊದಲು ಹೋಗೋದು ಆಫರ್ ಕಡೆಗೇ, ಆದ್ರೆ ಕೆಜಿಗೆ ಅದು 176 ಆಯ್ತಲ್ಲ. ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಪಕ್ಕ ಒಂದು ಗ್ರಾಂಗೆ ಅಥವಾ ಒಂದು ಕೆಜಿಗೆ ಎಷ್ಟು ಅಂತಲೂ ಮುದ್ರಿಸಬೇಕು ಅಂತ ನಿಯಮ ಇದೆ, 1 ಕೆಜಿಗಿಂತ ಕಮ್ಮಿ ಇದ್ರೆ ಗ್ರಾಂ ಲೆಕ್ಕ, ಜಾಸ್ತಿ ಇದ್ರೆ ಕೆಜಿ ಲೆಕ್ಕ. ಆದ್ರೆ ಅದು ಎಂಆರ್‌ಪಿ ಮೇಲಿನ ಲೆಕ್ಕ, ಕೂಪನ್ ಕಳೆದ ಮೇಲಿನದನ್ನ ನೀವೇ ಹಾಕ್ಬೇಕು.

ಅಕ್ಕಿ ವಿಷಯದಲ್ಲಿ ನಾವು ಆಪ್‌ಗೆ ಹೋಗೋದೇ ಇಲ್ಲ. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿ ಮೇಲೆ ಶೇ 5 ಜಿಎಸ್‌ಟಿ ಬಂತು, ಆಮೇಲಿಂದಾನೇ ಅಂಗಡೀಲಿ 26 ಕೆಜಿ ಮೂಟೆ ಕಾಣಿಸ್ಕೊಂಡಿದ್ದು, ಅದಕ್ಕೆ ಆ ತೆರಿಗೆ ಇಲ್ಲ. ಆಪ್‌ನಲ್ಲಿ 5 ಕೆಜಿ ಸೋನಾಮಸೂರಿಗೆ ಕೂಪನ್ ಹಾಕಿದ್ಮೇಲೂ ನಮ್ಮ ಬೀದಿ ಅಂಗಡಿ ಮೂಟೆ ರೇಟಿಗೆ ಬಂದಿದ್ದು ನಾನಂತೂ ನೋಡಿಲ್ಲ.

ಹೆಜ್ಜೆ 5: ದುಡ್ಡು ಕಟ್ಟೋ ಮುಂಚೆ ಕೊನೇ ಸಾಲಿನವರೆಗೂ ಓದಿ

ಡೆಲಿವರಿ ಚಾರ್ಜು, ಹ್ಯಾಂಡ್ಲಿಂಗ್ ಚಾರ್ಜು, ಚಿಕ್ಕ ಆರ್ಡರ್‌ಗೆ ಬೇರೆ, ಮಳೆ ಬಂದ್ರೆ ಇನ್ನೊಂದು. ಕೂಪನ್‌ನಲ್ಲಿ 50 ಉಳಿದು ಇವೆಲ್ಲ ಸೇರಿ 45 ಆದ್ರೆ ಉಳಿದಿದ್ದು 5 ರೂಪಾಯಿ. ದೇಣಿಗೆಗೋ ಟಿಪ್‌ಗೋ ಮೊದಲೇ ಟಿಕ್ ಆಗಿದ್ರೆ ತೆಗೀರಿ, ಕೊಡೋ ಮನಸ್ಸಿದ್ರೆ ನೀವೇ ಹಾಕಿ. ಹೀಗೆ ಕೇಳದೇ ಕಾರ್ಟ್‌ಗೆ ಸೇರಿಸೋದು, ಕೊನೇಲಿ ಚಾರ್ಜ್ ತೋರಿಸೋದು, ‘ಇನ್ನು ಎರಡೇ ಉಳಿದಿದೆ’ ಅಂತ ಸುಳ್ಳು ಅವಸರ ಹುಟ್ಟಿಸೋದು, ಇದೆಲ್ಲ ತಪ್ಪು ಅಂತ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ, ಒಟ್ಟು 13 ಬಗೆಯ ಮೋಸದ ವಿನ್ಯಾಸ ಅದರಲ್ಲಿದೆ.

ಆಮೇಲೆ ಪೇಮೆಂಟ್. ಕೂಪನ್ ಜೊತೆ ಬ್ಯಾಂಕ್ ಆಫರ್ ಕೂಡುತ್ತಾ ನೋಡಿ, ಕೆಲವು ಕಡೆ ಎರಡರಲ್ಲಿ ಒಂದೇ. ಈಗಲೇ ಕಳೆಯೋ ರಿಯಾಯಿತಿ ಬೇರೆ, ಕ್ಯಾಶ್‌ಬ್ಯಾಕ್ ಬೇರೆ, ಕ್ಯಾಶ್‌ಬ್ಯಾಕ್ ಅದೇ ಆಪ್‌ನ ವ್ಯಾಲೆಟ್‌ಗೆ ಬಂದು ಮತ್ತೆ ಅಲ್ಲೇ ಖರ್ಚು ಮಾಡಿಸುತ್ತೆ, 50 ರೂಪಾಯಿ ಕಮ್ಮಿ ಇದ್ರೂ ಪರವಾಗಿಲ್ಲ ನಾನು ಈಗಲೇ ಕಳೆಯೋದನ್ನೇ ಹಿಡಿಯೋದು. ಕ್ರೆಡಿಟ್ ಕಾರ್ಡ್ ಬಿಲ್ ಪೂರ್ತಿ ಕಟ್ಟೋಕಾಗಲ್ಲ ಅನ್ನೋರು ಕಾರ್ಡ್ ಆಫರ್ ಮುಟ್ಟಲೇಬೇಡಿ, ಬಡ್ಡೀಲೇ ಎಲ್ಲಾ ಹೋಗುತ್ತೆ.

ಹೆಜ್ಜೆ 6: ಸ್ಕ್ರೀನ್‌ಶಾಟ್ ಇಟ್ಕೊಳ್ಳಿ

ಹೋದ ವರ್ಷ ಒಂದು ಆಪ್‌ನಲ್ಲಿ (ಹೆಸರು ಬೇಡ) ಆರ್ಡರ್ ಆದ್ಮೇಲೆ ತುಪ್ಪ ಸ್ಟಾಕ್ ಇಲ್ಲ ಅಂತ ತೆಗೆದ್ರು, ಬಿಲ್ಲು ಕನಿಷ್ಠ ಮೊತ್ತಕ್ಕಿಂತ ಕೆಳಗೆ ಬಂತು, ಕೂಪನ್ ರದ್ದಾಯ್ತು. ತಪ್ಪು ನಮ್ಮದಲ್ಲ ಅಂತ ಚಾಟ್‌ನಲ್ಲಿ ಬರೆದು ಕೂಪನ್ ಹಾಕಿದ ಪುಟದ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ 120 ರೂಪಾಯಿ ವಾಪಸ್ ಬಂತು. ಅವರು ಒಪ್ಪದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮನೇಲಿ ವಯಸ್ಸಾದವರಿದ್ರೆ ಇದೊಂದನ್ನ ಕೂರಿಸಿ ಹೇಳಿ. ವಾಟ್ಸಾಪ್‌ನಲ್ಲಿ ‘ಉಚಿತ ದಿನಸಿ ವೋಚರ್, ಈ ಲಿಂಕ್ ಒತ್ತಿ’ ಅಂತ ಬಂದ್ರೆ ಒತ್ತಬಾರದು. ದುಡ್ಡು ಬರೋದಕ್ಕೆ ಯುಪಿಐ ಪಿನ್ ಬೇಕಾಗೋದೇ ಇಲ್ಲ, ಪಿನ್ ಕೇಳಿದ್ರು ಅಂದ್ರೆ ದುಡ್ಡು ಹೋಗುತ್ತೆ ಅಂತ ಅರ್ಥ. ದುಡ್ಡು ಹೋಗೇ ಬಿಟ್ಟಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಮ್ಮತ್ತೆ ಈ ನಂಬರನ್ನ ಚೀಟಿ ಬರೆಯೋ ಪೆನ್ನಲ್ಲೇ ಫ್ರಿಜ್ ಪಕ್ಕದ ಗೋಡೆ ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದಾರೆ.