ಸ್ನಾಯು ಎಳೆಯುವುದು ಹೇಗೆ? ಮೇಜಿನ ಮುಂದೆ ಕುಳಿತೇ ಪರೀಕ್ಷಿಸಿ

ನಮ್ಮ ದೇಹದಲ್ಲಿ ಮೂಳೆಗಳನ್ನು ಆಡಿಸುವ ಸ್ನಾಯುಗಳೇ 600ಕ್ಕೂ ಹೆಚ್ಚು. ಅವುಗಳಲ್ಲಿ ಒಂದಕ್ಕೂ ತಳ್ಳಲು ಬರುವುದಿಲ್ಲ. ಬರುವುದು ಎಳೆಯಲು ಮಾತ್ರ. ನೀವು ಬಾಗಿಲು ತಳ್ಳುವಾಗಲೂ ರಟ್ಟೆಯ ಹಿಂಬದಿಯ ಸ್ನಾಯು ಮೊಣಕೈ ಮೂಳೆಯನ್ನು ತನ್ನತ್ತ ಎಳೆಯುತ್ತಿರುತ್ತದೆ. ಅದರಿಂದ ಕೈ ನೀಳವಾಗಿ ಬಾಗಿಲು ತೆರೆದುಕೊಳ್ಳುತ್ತದೆ. ಈ ಎಳೆತ ಹುಟ್ಟುವ ಬಗೆ ತಿಳಿಯಲು ಒಂದು ಮೇಜು, ಒಂದು ಪೆನ್ನು ಸಾಕು.

ಹೆಜ್ಜೆ 1: ಮುಟ್ಟಿ ನೋಡಿ

ಬಲ ಅಂಗೈಯನ್ನು ಮೇಲ್ಮುಖವಾಗಿ ಮೇಜಿನ ಅಡಿಗಿಟ್ಟು ಮೇಲಕ್ಕೊತ್ತಿ. ಎಡಗೈಯಲ್ಲಿ ರಟ್ಟೆಯ ಮುಂಭಾಗ ಹಿಡಿದರೆ ಬೈಸೆಪ್ಸ್ ಗಟ್ಟಿಯಾಗಿರುವುದು ತಿಳಿಯುತ್ತದೆ. ಬೆರಳನ್ನು ಮೊಣಕೈಯ ಮಡಿಕೆಗೆ ಜಾರಿಸಿದರೆ ಬಿಗಿದ ದಪ್ಪ ಪಟ್ಟಿಯೊಂದು ಸಿಗುತ್ತದೆ. ಅದು ಸ್ನಾಯುರಜ್ಜು, ಸ್ನಾಯುವಿನ ಎಳೆತವನ್ನು ಮೂಳೆಗೆ ಮುಟ್ಟಿಸುವುದು ಅದೇ. ಈಗ ಅಂಗೈಯನ್ನು ಮೇಜಿನ ಮೇಲಿಟ್ಟು ಕೆಳಕ್ಕೊತ್ತಿ. ಬೈಸೆಪ್ಸ್ ಸಡಿಲವಾಗಿ ಹಿಂಬದಿಯ ಟ್ರೈಸೆಪ್ಸ್ ಬಿಗಿಯುತ್ತದೆ. ಕೈ ಮಡಚುವ ಸ್ನಾಯು ಎಂದು ಜಿಮ್‌ಗಳಲ್ಲಿ ಹೆಸರಾದ ಬೈಸೆಪ್ಸ್‌ಗೆ ಇನ್ನೊಂದು ಕೆಲಸವೂ ಇದೆ. ಮೊಣಕೈ ಮಡಚಿಟ್ಟುಕೊಂಡು, ಕೆಳಮುಖವಾಗಿರುವ ಅಂಗೈಯನ್ನು ಬಲವಾಗಿ ಮೇಲ್ಮುಖಕ್ಕೆ ಹೊರಳಿಸಿ, ಅದು ಮತ್ತೆ ಉಬ್ಬುವುದು ಕಾಣುತ್ತದೆ.

ಹೆಜ್ಜೆ 2: ಬಿಡಿಸಿ ನೋಡಿ

ಸಸ್ಯಾಹಾರಿಗಳು ಇದನ್ನು ದಾಟಿ ಮುಂದೆ ಹೋಗಬಹುದು. ಬೇಯಿಸಿದ ಕೋಳಿಯ ಎದೆಭಾಗವನ್ನು ಉದ್ದಕ್ಕೆ ಸೀಳಿದರೆ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಕೈಗೆ ಬರುವ ಒಂದೊಂದು ಎಳೆಯೂ ಅನೇಕ ಸ್ನಾಯುತಂತುಗಳ ಕಟ್ಟು. ನಮ್ಮಲ್ಲೂ ರಚನೆ ಹೀಗೇ. ಒಂದು ತಂತು ಎಂದರೆ ಒಂದೇ ಜೀವಕೋಶ, ಆದರೆ ಉದ್ದ ಹಲವು ಸೆಂಟಿಮೀಟರ್, ಒಳಗೆ ನೂರಾರು ಕೋಶಕೇಂದ್ರಗಳು. ತಂತುವಿನೊಳಗೆ ಇನ್ನೂ ಸಪೂರವಾದ ಎಳೆಗಳು. ಆ ಎಳೆಗಳ ಉದ್ದಕ್ಕೂ ಸಾಲಾಗಿ ಜೋಡಿಸಿಟ್ಟ ಘಟಕವೇ ಸಾರ್ಕೋಮಿಯರ್. ವಿಶ್ರಾಂತಿಯಲ್ಲಿ ಅದರ ಉದ್ದ ಸುಮಾರು 2.5 ಮೈಕ್ರೋಮೀಟರ್. ಅಂದರೆ 10 ಸೆಂಟಿಮೀಟರ್ ಉದ್ದದ ಎಳೆಯಲ್ಲಿ ಸುಮಾರು 40,000 ಸಾರ್ಕೋಮಿಯರ್‌ಗಳು. ಒಂದೊಂದು ಅರ್ಧ ಮೈಕ್ರೋಮೀಟರ್ ಕುಗ್ಗಿದರೂ ಒಟ್ಟು ಎಳೆ 2 ಸೆಂಟಿಮೀಟರ್ ಗಿಡ್ಡವಾಗುತ್ತದೆ.

ಹೆಜ್ಜೆ 3: ಬೆರಳು ಹೆಣೆಯಿರಿ

ಎರಡೂ ಅಂಗೈಗಳನ್ನು ಮುಖದತ್ತ ತಿರುಗಿಸಿ, ಬೆರಳುಗಳ ತುದಿಯನ್ನಷ್ಟೇ ಪರಸ್ಪರ ತೂರಿಸಿ, ನಿಧಾನವಾಗಿ ಒಳಕ್ಕೆ ನೂಕಿ. ಅಂಗೈಗಳು ಹತ್ತಿರ ಬಂದವು, ಆದರೆ ಯಾವ ಬೆರಳೂ ಗಿಡ್ಡವಾಗಲಿಲ್ಲ. ಸಾರ್ಕೋಮಿಯರ್‌ನಲ್ಲೂ ಇಷ್ಟೇ ನಡೆಯುತ್ತದೆ. ನಡುವೆ ದಪ್ಪನೆಯ ಮಯೋಸಿನ್ ತಂತುಗಳು, ಎರಡೂ ಬದಿಯಿಂದ ತೆಳ್ಳನೆಯ ಆಕ್ಟಿನ್ ತಂತುಗಳು. ಆಕ್ಟಿನ್ ಒಳಕ್ಕೆ ಜಾರುತ್ತದೆ, ಸ್ನಾಯು ಗಿಡ್ಡವಾಗುತ್ತದೆ. 1954ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಇದನ್ನು ಬೇರೆಬೇರೆಯಾಗಿ ಪ್ರಕಟಿಸಿದವು. ಒಂದರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್ಗರ್ಕೆ, ಇನ್ನೊಂದರಲ್ಲಿ ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್. ಹಕ್ಸ್‌ಲಿಗಳಿಬ್ಬರೂ ನೆಂಟರಲ್ಲ, ಹೆಸರಷ್ಟೇ ಒಂದು.

ಹೆಜ್ಜೆ 4: ಜಾರಿಸುವವರು ಯಾರು?

ನರದ ತುದಿಯಿಂದ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಸ್ರವಿಸಿದೊಡನೆ ಸ್ನಾಯುತಂತುವಿನ ಪೊರೆಯ ಮೇಲೆ ವಿದ್ಯುತ್ ಅಲೆ ಓಡಿ, ಕಿರುನಾಳಗಳ ಮೂಲಕ ಒಳಗಿಳಿಯುತ್ತದೆ. ಅಲ್ಲಿ ಕೂಡಿಟ್ಟಿದ್ದ ಕ್ಯಾಲ್ಸಿಯಂ ಹೊರಬಂದು ಟ್ರೋಪೋನಿನ್ ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಆಗ ಆಕ್ಟಿನ್‌ಗೆ ಅಡ್ಡವಾಗಿದ್ದ ಟ್ರೋಪೋಮಯೋಸಿನ್ ಸರಿಯುತ್ತದೆ. ತೆರವಾದ ಜಾಗಕ್ಕೆ ಮಯೋಸಿನ್‌ನ ತಲೆ ಅಂಟಿಕೊಂಡು, ಬಾಗಿ, ಆಕ್ಟಿನ್ ಅನ್ನು ಕೆಲವೇ ನ್ಯಾನೋಮೀಟರ್‌ನಷ್ಟು ಎಳೆಯುತ್ತದೆ. ಜೀವಕೋಶದ ಇಂಧನವಾದ ಎಟಿಪಿ ಬಂದು ಸೇರಿದ ಮೇಲೆಯೇ ಆ ತಲೆ ಬಿಟ್ಟುಕೊಳ್ಳುವುದು. ಬಿಟ್ಟು, ಮತ್ತೆ ನೆಟ್ಟಗಾಗಿ, ಮುಂದಿನ ಜಾಗ ಹಿಡಿಯುತ್ತದೆ.

ಹಿಡಿಯಲು ಶಕ್ತಿ ಬೇಕು, ಬಿಡಲು ಬೇಡ ಎಂದು ಹೆಚ್ಚಿನವರು ಅಂದುಕೊಂಡಿರುತ್ತಾರೆ. ಬಿಡುವುದಕ್ಕೂ ಎಟಿಪಿ ಬೇಕೇ ಬೇಕು. ಕ್ಯಾಲ್ಸಿಯಂ ಅನ್ನು ಮರಳಿ ಒಳಗೆ ತುಂಬುವ ಪಂಪಿಗೂ ಅದೇ ಇಂಧನ. ಸತ್ತ ಕೆಲವು ಗಂಟೆಗಳಲ್ಲಿ ಎಟಿಪಿ ಮುಗಿದು, ಅಂಟಿದ ತಲೆಗಳು ಅಂಟಿದಂತೆಯೇ ಉಳಿದು, ದೇಹ ಸೆಟೆದುಕೊಳ್ಳುತ್ತದೆ.

ಹೆಜ್ಜೆ 5: ಪೆನ್ನಿನ ಪರೀಕ್ಷೆ

ಮಣಿಕಟ್ಟು ನೇರವಾಗಿಟ್ಟು ಮುಷ್ಟಿಯಲ್ಲಿ ಪೆನ್ನು ಬಿಗಿಹಿಡಿಯಿರಿ, ಪಕ್ಕದವರಿಗೆ ಅದನ್ನು ಎಳೆಯಲು ಹೇಳಿ. ಸುಲಭಕ್ಕೆ ಬರುವುದಿಲ್ಲ. ಈಗ ಮಣಿಕಟ್ಟನ್ನು ಆದಷ್ಟೂ ಒಳಕ್ಕೆ ಬಗ್ಗಿಸಿ ಅದೇ ಪೆನ್ನು ಹಿಡಿಯಿರಿ. ಎಷ್ಟು ಹಟ ಹಿಡಿದರೂ ಮುಷ್ಟಿ ಸಡಿಲ. ಬೆರಳು ಮಡಚುವ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಮಣಿಕಟ್ಟು ಬಗ್ಗಿದಾಗ ಅವು ಆಗಲೇ ಗಿಡ್ಡವಾಗಿ, ಆಕ್ಟಿನ್ ತಂತುಗಳು ಒಂದರ ಮೇಲೊಂದು ಏರಿ, ಎಳೆಯುವ ಬಲ ತಗ್ಗಿರುತ್ತದೆ. ಜೊತೆಗೆ, ಮುಂಗೈ ಹಿಂಬದಿಯ ಸ್ನಾಯುಗಳು ಹಿಗ್ಗಿ ಬಿಗಿದು ಬೆರಳುಗಳನ್ನು ಬಿಚ್ಚಲು ನೋಡುತ್ತಿರುತ್ತವೆ. ಈ ಪ್ರಯೋಗದಲ್ಲಿ ಮಣಿಕಟ್ಟನ್ನು ಬೇರೆಯವರು ಒತ್ತಿ ಬಗ್ಗಿಸುವುದು ಬೇಡ, ನೋವಾದೀತು.

ಹೆಜ್ಜೆ 6: ಇಳಿಸಿ ನೋಡಿ

ತುಂಬಿದ ಬಕೆಟನ್ನು ಮೊಣಕೈ ಮಡಚಿ ಎತ್ತಿ, ನಿಧಾನವಾಗಿ ಕೆಳಗಿಳಿಸಿ. ಇಳಿಸುವಾಗ ಬೈಸೆಪ್ಸ್ ಎಳೆಯುತ್ತಲೇ ಇರುತ್ತದೆ, ಆದರೆ ಹಿಗ್ಗುತ್ತಿರುತ್ತದೆ. ಸ್ನಾಯುವಿಗೆ ಹೆಚ್ಚು ಪೆಟ್ಟು ಬೀಳುವುದು ಈ ಬಗೆಯ ಕೆಲಸದಲ್ಲಿ. ಬೆಟ್ಟ ಹತ್ತಿದ್ದಕ್ಕಿಂತ ಇಳಿದದ್ದಕ್ಕೇ ಮರುದಿನ ತೊಡೆ ಹೆಚ್ಚು ನೋಯುವುದು ಇದರಿಂದ. ನೋವಿನ ಅಪವಾದ ಹೊರುವ ಲ್ಯಾಕ್ಟಿಕ್ ಆಮ್ಲವಾದರೋ ವ್ಯಾಯಾಮ ನಿಂತ ಒಂದೆರಡು ಗಂಟೆಯೊಳಗೇ ರಕ್ತದಲ್ಲಿ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ.