ಇಂಗ್ಲೆಂಡಿನ ವಾರ್ಡಿನಲ್ಲಿ ಕಲಿತ ಔಷಧ ವಿಚಾರಣೆ

ಹಾಸನದವಳಾದ ನನಗೆ, ಆರು ವರ್ಷದ ಔಷಧಶಾಸ್ತ್ರ ಪದವಿಯಾದ ಫಾರ್ಮ್ ಡಿ ಓದುತ್ತಿದ್ದಾಗ, ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ತರಬೇತಿ ಪಡೆಯುವ ಅವಕಾಶ ದೊರೆಯಿತು. ಅಲ್ಲಿ ವಿದ್ಯಾರ್ಥಿಗಳು ತಾವಾಗಿ ಔಷಧ ನೀಡುವಂತಿರಲಿಲ್ಲ. ಫಾರ್ಮಸಿಸ್ಟರ ಜೊತೆಯಲ್ಲಿದ್ದು, ಅವರ ಎದುರಿನಲ್ಲೇ ರೋಗಿಯನ್ನು ಮಾತನಾಡಿಸಬೇಕಾಗಿತ್ತು.

ಆಸ್ಪತ್ರೆಗೆ ದಾಖಲಾದವರು ಮನೆಯಲ್ಲಿ ಯಾವ ಔಷಧಗಳನ್ನು ಸೇವಿಸುತ್ತಿದ್ದರು ಎಂಬ ಪಟ್ಟಿಯನ್ನು 24 ಗಂಟೆಯೊಳಗೆ ಸಿದ್ಧಪಡಿಸಬೇಕೆಂಬುದು ಅಲ್ಲಿನ ಮಾರ್ಗಸೂಚಿ. ರೋಗಿಯ ಮಾತು, ಕುಟುಂಬ ವೈದ್ಯರ ದಾಖಲೆ, ಮನೆಯಿಂದ ತಂದ ಮಾತ್ರೆಗಳು, ಇವುಗಳಲ್ಲಿ ಕನಿಷ್ಠ ಎರಡನ್ನಾದರೂ ತಾಳೆ ನೋಡುತ್ತಿದ್ದರು. ಇನ್‌ಹೇಲರ್, ಕಣ್ಣಿನ ಹನಿ, ಇನ್ಸುಲಿನ್, ಅಂಗಡಿಯಿಂದ ತಾವೇ ಕೊಂಡ ನೋವಿನ ಮಾತ್ರೆ, ಇವುಗಳ ಬಗ್ಗೆ ಒಂದೊಂದಾಗಿ ಕೇಳಿ, ಕೊನೆಯ ಬಾರಿ ತೆಗೆದುಕೊಂಡದ್ದು ಯಾವಾಗ ಎಂಬುದನ್ನೂ ಬರೆದುಕೊಳ್ಳುತ್ತಿದ್ದರು. ಅಲ್ಲಿನ ಗಣಕೀಕೃತ ದಾಖಲೆಗಳನ್ನು ಮೆಚ್ಚುವವರು ಬಹಳ. ನನಗೆ ಮುಖ್ಯವೆನಿಸಿದ್ದು ಈ ಪ್ರಶ್ನೆಗಳ ಕ್ರಮ, ಏಕೆಂದರೆ ಅದಕ್ಕೆ ಖರ್ಚೇನೂ ಇಲ್ಲ.

ಆರನೆಯ ವರ್ಷದ ಇಂಟರ್ನ್‌ಶಿಪ್‌ಗೆ ಹಾಸನಕ್ಕೆ ಮರಳಿದಾಗ ಕುಟುಂಬ ವೈದ್ಯರ ದಾಖಲೆ ಎಂಬುದು ಇರಲಿಲ್ಲ. ಸಕಲೇಶಪುರ, ಆಲೂರು, ಅರಕಲಗೂಡಿನ ಕಡೆಯಿಂದ ಬರುವವರ ಪ್ಲಾಸ್ಟಿಕ್ ಕವರಿನಲ್ಲಿ, ಹೆಸರೂ ಅವಧಿ ಮುಗಿಯುವ ದಿನಾಂಕವೂ ಕತ್ತರಿಸಿಹೋದ ಸ್ಟ್ರಿಪ್‌ನ ತುಂಡುಗಳು ಇರುತ್ತಿದ್ದವು. ಆದ್ದರಿಂದ ಮಾತ್ರೆ ಕೊಟ್ಟ ಮೆಡಿಕಲ್ ಶಾಪಿಗೆ ಫೋನ್ ಮಾಡಿ ಕೇಳುವುದನ್ನೇ ನನ್ನ ಎರಡನೆಯ ಆಧಾರವನ್ನಾಗಿ ಮಾಡಿಕೊಂಡೆ. ಬಿಪಿ ಮಾತ್ರೆ, ಶುಗರ್ ಮಾತ್ರೆಗಳನ್ನಷ್ಟೇ ಹೇಳಿ ಸುಮ್ಮನಾದ ಅಜ್ಜಿಯೊಬ್ಬರನ್ನು, "ಮಂಡಿನೋವಿಗೆ ಏನಾದ್ರೂ ತರಿಸ್ಕೊಳ್ತೀರಾ ಅಜ್ಜಿ?" ಎಂದು ಕೇಳಿದಾಗ, "ಅದೂ ಲೆಕ್ಕಕ್ಕೆ ಬರುತ್ತಾ ಮಗಾ?" ಎಂದರು. ಅದು ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಆಗಿತ್ತು. ಕೆಲವು ಬಿಪಿ ಔಷಧಗಳ ಜೊತೆ ಅದನ್ನು ದಿನವೂ ನುಂಗಿದರೆ ಮೂತ್ರಪಿಂಡಕ್ಕೆ ಅಪಾಯವಿರುವುದರಿಂದ ಕೂಡಲೇ ವೈದ್ಯರಿಗೆ ತಿಳಿಸಿದೆ.

ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ ಇದನ್ನು ದಿನವೂ ನುಂಗಿದರೆ ರಕ್ತಕಣಗಳನ್ನು ತಯಾರಿಸುವ ಅಸ್ಥಿಮಜ್ಜೆ ಕುಗ್ಗಿ ಪ್ರಾಣಕ್ಕೇ ಎರವಾಗಬಹುದು. ಬ್ರಿಟನ್ನಿನಲ್ಲಿ ಗೊಂದಲ ತಪ್ಪಿಸಲು 2.5 ಮಿ.ಗ್ರಾಂ. ಮಾತ್ರೆಗಳನ್ನೇ ಕೊಟ್ಟು, ಪೊಟ್ಟಣದ ಮೇಲೆ ಮಾತ್ರೆ ನುಂಗುವ ದಿನದ ಹೆಸರು ಬರೆಯಬೇಕೆನ್ನುತ್ತಾರೆ. ನಮ್ಮಲ್ಲಿ 5, 7.5, 10 ಮಿ.ಗ್ರಾಂ. ಮಾತ್ರೆಗಳೂ ಸಿಗುತ್ತವೆ. ಓದುಬರಹ ಬಾರದವರಿಗೆ ಬರೆದುಕೊಟ್ಟು ಪ್ರಯೋಜನವಿಲ್ಲದ್ದರಿಂದ, ವೈದ್ಯರ ಒಪ್ಪಿಗೆ ಪಡೆದು, ಅವರ ಊರಿನ ಸಂತೆಯ ದಿನವನ್ನೇ ಮೆಥೊಟ್ರೆಕ್ಸೇಟ್ ದಿನವೆಂದು ಗೊತ್ತುಮಾಡುತ್ತಿದ್ದೆ. ಅದರ ಅಡ್ಡಪರಿಣಾಮ ತಗ್ಗಿಸಲು ಜೊತೆಗೆ ಕೊಡುವ ಫೋಲಿಕ್ ಆಸಿಡ್ ಮಾತ್ರೆಯನ್ನು ಬೇರೆ ದಿನಕ್ಕೆ ಹಾಕಿಸುತ್ತಿದ್ದೆ.